ಹಾಂಗ್‌ಕಾಂಗ್‌ನಲ್ಲಿ ಹಳೇ ಕಾಲದ ವಾಂಟನ್ ನೂಡಲ್ಸ್ ಎಲ್ಲಿ ತಿನ್ನಬೇಕು?

ಕುಂಬಳೆಯಿಂದ, ಪ್ರಶ್ನೆ:
ಅಮ್ಮನನ್ನು ಕರೆದುಕೊಂಡು ಡಿಸೆಂಬರಿನಲ್ಲಿ ನಾಲ್ಕು ದಿನ ಹಾಂಗ್‌ಕಾಂಗ್‌ಗೆ ಹೋಗುತ್ತಿದ್ದೇನೆ. ಅಲ್ಲಿನವರೇ ಹೋಗುವ ವಾಂಟನ್ ನೂಡಲ್ಸ್ (ತೆಳು ಹಿಟ್ಟಿನ ಹಾಳೆಯಲ್ಲಿ ಹೂರಣ ಸುತ್ತಿದ ಪುಟ್ಟ ಕಡುಬು ಹಾಕಿದ ನೂಡಲ್ಸ್) ಅಂಗಡಿ ನೋಡಬೇಕೆಂದು ತುಂಬಾ ಆಸೆ. ಎರಡು ಹೊತ್ತು ಮಾತ್ರ ಬಿಡುವು. ಎಲ್ಲಿಗೆ ಹೋಗಲಿ? ಅಮ್ಮ ಮೀನು, ಸಿಗಡಿ ತಿನ್ನುತ್ತಾರೆ. ಹಂದಿ ಮಾಂಸ ಮುಟ್ಟುವುದಿಲ್ಲ.

ಮಂಜೇಶ್ವರದಿಂದ, ಉತ್ತರ:
ಅಕ್ಕಾ, ಒಂದು ಹೊತ್ತು ಸೆಂಟ್ರಲ್ ಅನ್ನುವ ಬಡಾವಣೆಯ ವೆಲ್ಲಿಂಗ್ಟನ್ ಸ್ಟ್ರೀಟಿಗೆ ಇಟ್ಟುಕೊಳ್ಳಿ. 77ನೇ ನಂಬರಿನಲ್ಲಿ ಮ್ಯಾಕ್ಸ್ ನೂಡಲ್, ರಸ್ತೆ ದಾಟಿದರೆ 98ರಲ್ಲಿ ಚಿಮ್ ಚಾಯ್ ಕೀ. ಮ್ಯಾಕ್ಸ್‌ನವರ ಮನೆತನ ಗುವಾಂಗ್‌ಜೌನಿಂದ ಈ ಕಸುಬು ತಂದದ್ದು. ಬಟ್ಟಲು ಅಂಗೈಯಷ್ಟೇ ಇರುತ್ತದೆ, ಕಡಿಮೆ ಕೊಟ್ಟರು ಅಂದುಕೊಳ್ಳಬೇಡಿ. ನೂಡಲ್ಸ್ ನೆನೆದು ಮೆತ್ತಗಾಗುವ ಮೊದಲೇ ತಿಂದು ಮುಗಿಯಬೇಕು, ಅದಕ್ಕೇ ಆ ಅಳತೆ. ಚಿಮ್ ಚಾಯ್ ಕೀಯಲ್ಲಿ ವಾಂಟನ್ ದೊಡ್ಡದು, ಹೊಟ್ಟೆ ತುಂಬುತ್ತದೆ. ನನಗೆ ಮಾತ್ರ ಮ್ಯಾಕ್ಸ್‌ನದ್ದೇ ಹೆಚ್ಚು.

ಬಟ್ಟಲು ಬಂದಾಗ ಗಮನಿಸಿ. ಅಡಿಯಲ್ಲಿ ಚಮಚ, ಅದರ ಮೇಲೆ ವಾಂಟನ್, ಎಲ್ಲಕ್ಕಿಂತ ಮೇಲೆ ನೂಡಲ್ಸ್. ಸಾರಿನಲ್ಲಿ ನೂಡಲ್ಸ್ ಮುಳುಗಬಾರದು ಅಂತ ಹೀಗೆ ಜೋಡಿಸುತ್ತಾರೆ. ಕುದಿಯುವ ನೀರಿನಲ್ಲಿ ಕೆಲವೇ ಸೆಕೆಂಡು ಬೇಯಿಸಿ, ತಣ್ಣೀರಿಗೆ ಅದ್ದಿ, ಮತ್ತೆ ಬಿಸಿ ಮಾಡಿ ಹಾಕುತ್ತಾರೆ. ಕಚ್ಚಿದರೆ ದಾರದ ಹಾಗೆ ಬಿಗಿಯಾಗಿ ತುಂಡಾಗಬೇಕು. ನಾನು ಮೊದಲ ಸಲ ಫೋಟೋ ತೆಗೆಯುತ್ತಾ ಕೂತು ಆ ಬಿಗಿಯನ್ನೇ ಕಳೆದುಕೊಂಡೆ. ಇವತ್ತಿಗೂ ಬೇಜಾರಿದೆ.

ಸಾರಿನ ಘಮ ಮೂಗಿಗೆ ಬಂದ ಕೂಡಲೇ ನನಗೆ ನಮ್ಮ ಮನೆಯಲ್ಲಿ ಒಣಮೀನು ಸುಡುವುದು ನೆನಪಾಯಿತು. ನಿಜವಾಗಿಯೂ ಅದರಲ್ಲಿ ಒಣಗಿಸಿದ ಚಪ್ಪಟೆ ಮೀನು ಇರುತ್ತದೆ, ಜೊತೆಗೆ ಸಿಗಡಿಯ ಮೊಟ್ಟೆ, ಹಂದಿ ಎಲುಬು. ಮೇಲೆ ಹಳದಿ ಬಣ್ಣದ, ಬೆಳ್ಳುಳ್ಳಿ ಎಲೆಯಂಥ ಸೊಪ್ಪು. ನೂಡಲ್ಸಿನ ಹಿಟ್ಟಿಗೆ ಬಾತುಕೋಳಿ ಮೊಟ್ಟೆ ಮತ್ತು ಕ್ಷಾರದ ನೀರು. ಆ ಕ್ಷಾರದ ರುಚಿ ಜಾಸ್ತಿ ಅನಿಸಿದರೆ ಮೇಜಿನ ಮೇಲಿರುವ ಕೆಂಪು ವಿನೆಗರ್ ಎರಡು ಹನಿ ಹಾಕಿಕೊಳ್ಳಿ.

ಎರಡನೇ ಹೊತ್ತಿಗೆ ಶಾಮ್ ಶುಯಿ ಪೋ ಬಡಾವಣೆಯ ಲಾವ್ ಸಮ್ ಕೀ ಅಂಗಡಿ. ಅಲ್ಲಿ ಬಿದಿರಿನಿಂದ ಒತ್ತಿದ ನೂಡಲ್ಸ್ ಸಿಗುತ್ತದೆ. ದಪ್ಪ ಬಿದಿರಿನ ಒಂದು ತುದಿ ಗೋಡೆ ಬದಿಗೆ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಮನುಷ್ಯ ಕೂತು ಕುಪ್ಪಳಿಸುತ್ತಾ ಹಿಟ್ಟು ಒತ್ತುವ ಪದ್ಧತಿ ಅದು. ಚಿಕ್ಕಂದಿನಲ್ಲಿ ಸೇಮಿಗೆ ಮಣೆಯ ಮೇಲೆ ನಾವು ಭಾರ ಹಾಕುತ್ತಿದ್ದೆವಲ್ಲ, ಹಾಗೆಯೇ. ಸಾರಿಲ್ಲದ ನೂಡಲ್ಸಿಗೆ ಸಿಗಡಿ ಮೊಟ್ಟೆಯ ಪುಡಿ ಉದುರಿಸಿ ಕೊಡುತ್ತಾರೆ. ಅದನ್ನೇ ಕೇಳಿ.

ಬದಿಯಡ್ಕದಿಂದ, ಉತ್ತರ:
ಅಮ್ಮನ ವಿಷಯ ಮೊದಲೇ ಹೇಳಿಬಿಡುತ್ತೇನೆ. ವಾಂಟನ್ ಒಳಗೆ ಸಿಗಡಿ ಜೊತೆ ಹಂದಿ ಮಾಂಸ ಸೇರಿಸುವುದು ಹಳೇ ಕ್ರಮ. ಸಿಗಡಿ ಮಾತ್ರ ಇರುವ ಕಡೆಯೂ ಸಾರು ಎಲುಬಿನದ್ದು. ಅವರಿಗೆ ಅದು ಬೇಡ. ಡೈಮಂಡ್ ಹಿಲ್‌ನ ನಾನ್ ಲಿಯಾನ್ ತೋಟದೊಳಗೆ ಚಿ ಲಿನ್ ಬೌದ್ಧ ವಿಹಾರದ ಸಸ್ಯಾಹಾರಿ ಹೋಟೆಲಿದೆ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ತೋಟವೂ ನೋಡಿದ ಹಾಗಾಗುತ್ತದೆ. ಮತ್ತೆ, ನಮ್ಮ ಪಾಸ್‌ಪೋರ್ಟಿನವರು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಆದರೆ ಮರೆಯಬೇಡಿ.

ಕುಂಬಳೆಯಿಂದ:
ಇಬ್ಬರಿಗೂ ತುಂಬಾ ಉಪಕಾರ. ಅಮ್ಮನಿಗೆ ಓದಿ ಹೇಳಿದೆ. ತೋಟಕ್ಕೆ ಬರುತ್ತಾರಂತೆ. ನೂಡಲ್ಸ್ ಅಂಗಡಿಯಲ್ಲಿ ಸುಮ್ನೆ ಪಕ್ಕದಲ್ಲಿ ಕೂತಿರಬಹುದಾ? ಜಾಗ ಇರುತ್ತದಾ?

ಮಂಜೇಶ್ವರದಿಂದ:
ಊಟದ ಹೊತ್ತಿಗೆ ಕಷ್ಟ. ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಕೂರಿಸುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಹೋಗಿ.