ಕೊರೊನಾ ಕಾಲದ ರೈತರ ದುಡ್ಡಿಗೆ ‘ಪರಿಹಾರ’ ಅನ್ನಬಹುದಾ?

ಗೆಳೆಯರೇ,

ಅಮೆರಿಕದ ಅಯೋವಾ ರಾಜ್ಯದ ಬೇಸಾಯದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 2020ರಲ್ಲಿ ಅಲ್ಲಿನ ರೈತರಿಗೆ ಸರ್ಕಾರ ಕೊಟ್ಟ ಹಣವನ್ನು ಕನ್ನಡದಲ್ಲಿ ಏನನ್ನಬೇಕು?

‘ಪರಿಹಾರ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ನಮ್ಮಲ್ಲಿ ಬೆಳೆ ಪರಿಹಾರ ಅಂದರೆ ಮೊದಲು ನಷ್ಟ ಆಗಿರಬೇಕು. ಮಳೆಗೆ ರಾಗಿ ಮಲಗಿರಬೇಕು, ಗ್ರಾಮ ಲೆಕ್ಕಿಗರು ನೋಡಿ ಬರೆದುಕೊಂಡು ಹೋಗಿರಬೇಕು. ‘ಪರಿಹಾರದ ದುಡ್ಡು ಬಿತ್ತಾ?’ ಅನ್ನೋ ಮಾತು ಆಮೇಲಿನದು.

ಅಲ್ಲಿ ಹೊಲಕ್ಕೆ ಬಂದು ನೋಡುವ ಪ್ರಶ್ನೆಯೇ ಇರಲಿಲ್ಲ. ಅಮೆರಿಕದ ಕೃಷಿ ಇಲಾಖೆ ಮೊದಲ ಸುತ್ತಿನಲ್ಲಿ ಇಡೀ ದೇಶಕ್ಕೆ ಇಟ್ಟಿದ್ದು 1,600 ಕೋಟಿ ಡಾಲರ್. ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಬೆಲೆ ಶೇ 5 ಅಥವಾ ಅದಕ್ಕಿಂತ ಜಾಸ್ತಿ ಬಿದ್ದಿತ್ತೇ ಅನ್ನೋದು ಮುಖ್ಯ ಅಳತೆ. ಇದನ್ನು ಪರಿಹಾರ ಅನ್ನಲು ನನಗೆ ತಕರಾರಿಲ್ಲ. ಅದೇ ವರ್ಷ ನಮ್ಮ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿದಾಗಲೂ ‘ಪರಿಹಾರ’ ಅಂತಲೇ ಅಂದೆವು. ಹೂವು ಚೆನ್ನಾಗೇ ಬಂದಿತ್ತು, ಕೊಳ್ಳುವವರಿರಲಿಲ್ಲ.

ತೊಡಕಾಗಿದ್ದು ಸೆಪ್ಟೆಂಬರಿನ ಎರಡನೇ ಸುತ್ತು. ಬೆಲೆ ಅಷ್ಟು ಬೀಳದ, ಇಲ್ಲವೇ ಬೆಲೆಯ ಲೆಕ್ಕ ಸಿಗದ ಓಟ್ಸ್‌ನಂಥ ಬೆಳೆಗೂ ಎಕರೆಗೆ 15 ಡಾಲರ್ ಕೊಟ್ಟರು. ಬೀಳದ ಬೆಲೆಗೆ ಯಾವ ಪರಿಹಾರ? ‘ಸಹಾಯಧನ’ ಅಂದರೆ ಹನಿ ನೀರಾವರಿ ಪೈಪು, ಟಾರ್ಪಾಲು ನೆನಪಾಗುತ್ತವೆ. ಏನಾದರೂ ಕೊಂಡರೆ ತಾನೆ ಸಹಾಯಧನ? ‘ಅನುದಾನ’ ಪಂಚಾಯಿತಿಗೆ, ಶಾಲೆಗೆ ಬರುವಂಥದ್ದು. ಸದ್ಯಕ್ಕೆ ‘ನೆರವು’ ಅಂತ ಹಾಕಿದ್ದೇನೆ. ಸ್ವಲ್ಪ ಸಪ್ಪೆ, ಆದರೆ ಸುಳ್ಳಲ್ಲ.

ಇನ್ನೊಂದು, ನಿಜವಾದ ತಲೆನೋವು. ಅಲ್ಲಿ ‘ಪೇಚೆಕ್ ಪ್ರೊಟೆಕ್ಷನ್’ (ಸಂಬಳದ ರಕ್ಷಣೆ) ಹೆಸರಿನಲ್ಲಿ ಬ್ಯಾಂಕುಗಳ ಮೂಲಕ ಶೇ 1 ಬಡ್ಡಿಯ ಸಾಲ ಕೊಟ್ಟರು. ರೈತರೂ ತೆಗೆದುಕೊಂಡರು, ಆಳಿಲ್ಲದೆ ಒಬ್ಬರೇ ಗೇಯುವವರೂ ಸೇರಿ. ಕನಿಷ್ಠ ಶೇ 60ರಷ್ಟನ್ನು ಸಂಬಳಕ್ಕೆ, ಉಳಿದದ್ದನ್ನು ಒಪ್ಪಿತ ಖರ್ಚಿಗೆ ಬಳಸಿದ ಲೆಕ್ಕ ಕೊಟ್ಟರೆ ಸಾಲ ತೀರಿಸಬೇಕಿರಲಿಲ್ಲ. ಕೆಲವರು ಇದಕ್ಕೆ ‘ಸಾಲ ಮನ್ನಾ’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. 2018ರಲ್ಲಿ ನಮ್ಮಲ್ಲಿ ಮನ್ನಾ ಘೋಷಣೆಯಾಗಿದ್ದು ರೈತರು ಸಾಲ ಮಾಡಿದ ಎಷ್ಟೋ ದಿನದ ಮೇಲೆ. ತೆಗೆದುಕೊಳ್ಳುವಾಗ ಯಾರಿಗೂ ಆ ಭರವಸೆ ಇರಲಿಲ್ಲ. ಅಲ್ಲಿ ತೀರಿಸಬೇಕಿಲ್ಲ ಅನ್ನೋ ಷರತ್ತು ಮೊದಲ ದಿನವೇ ಇತ್ತು.

ನನಗೆ ಹೊಳೆದದ್ದು ‘ವಜಾ’. ಮುಂಗಡ ಪಡೆದ ಆಳಿನ ಕೂಲಿಯಲ್ಲಿ ‘ವಜಾ ಹಾಕಿಕೊಂಡರು’ ಅನ್ನುತ್ತೇವಲ್ಲ, ಆ ಅರ್ಥದಲ್ಲಿ ‘ಲೆಕ್ಕ ಕೊಟ್ಟರೆ ವಜಾ ಆಗುವ ಸಾಲ’. ಆದರೆ ಪತ್ರಿಕೆ ಓದುವವರಿಗೆ ವಜಾ ಅಂದರೆ ಕೆಲಸದಿಂದ ತೆಗೆಯುವುದು. ಸಾಲವನ್ನೇ ನೌಕರಿಯಿಂದ ತೆಗೆದಂತೆ ಕೇಳಿಸುತ್ತದೇನೋ!

ಅಲ್ಲಿನ ರಾಜ್ಯದೊಳಗಿನ ಆಡಳಿತ ವಿಭಾಗವಾದ ‘ಕೌಂಟಿ’ಯನ್ನು ಕನ್ನಡ ಮಾಡದೆ ಹಾಗೇ ಬಿಟ್ಟಿದ್ದೇನೆ. ಅಯೋವಾ ಒಂದರಲ್ಲೇ 99 ಇವೆ, ಹರವಿನಲ್ಲಿ ನಮ್ಮ ತಾಲೂಕಿನ ಹಾಗೆ. ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕವರು 64 ಜನ. ಅದನ್ನು ಜಿಲ್ಲೆ ಅನ್ನೋದು ಹೇಗೆ?

‘ವಜಾ’ ಹಳೆಯ ಅರ್ಥದಲ್ಲಿ ನಿಮ್ಮ ಕಡೆ ಇನ್ನೂ ಓಡಾಡುತ್ತಿದೆಯಾ? ಉತ್ತರ ಕರ್ನಾಟಕದವರು, ಸಹಕಾರ ಸಂಘದಲ್ಲಿ ಲೆಕ್ಕ ಬರೆದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಬೇರೆ ಪದ ಇದ್ದರೆ ಇನ್ನೂ ಒಳ್ಳೆಯದು.