ಶೇ. 70ರ ಗೆರೆ ಮತ್ತು ಹಾನಗಲ್ಲಿನ ವೀರಗಲ್ಲು

ಉಣಕಲ್ ಕೆರೆ: ಎಲ್ಡನ್ ರಿಂಗ್ (2022) ಎಂಬ ವಿಡಿಯೊ ಗೇಮ್ ಆಡುವವರಿಗೆ ಒಂದೇ ಮಾತು: ಕವಚ, ಆಯುಧಗಳ ಹೊರೆ ನೀವು ಹೊರಬಲ್ಲ ತೂಕದ ಶೇ. 30ರೊಳಗಿರಲಿ. ಭಾರದ ಕವಚ ತೊಡುವವರಿಗೆ ಉರುಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ, ಅಷ್ಟೇ. ಹಾನಗಲ್ಲಿನ ವೀರಗಲ್ಲು ನೋಡಿ, ಯೋಧನ ಮೈಮೇಲೆ ಕಬ್ಬಿಣವಿದೆಯೇ?

ಬ್ಯಾಡಗಿ ಕಾಯಿ: "ಬರುವುದಿಲ್ಲ" ಎಂದಿರಾ? ಶೇ. 70 ಮುಟ್ಟುವವರೆಗೂ ಮಧ್ಯಮ ವೇಗದಲ್ಲಿ ಉರುಳಬಹುದು. ಎಂಡ್ಯೂರೆನ್ಸ್ (ಹೊರುವ ಶಕ್ತಿಯ ಅಂಕ) ಏರಿಸಿ, ಆ ಶಕ್ತಿ ಹೆಚ್ಚಿಸುವ ತಾಯಿತ ಕಟ್ಟಿಕೊಂಡು ನಾನು ಶೇ. 69ರಲ್ಲಿದ್ದೇನೆ. ಆಟದ ದೊಡ್ಡ ಶತ್ರು ಮಾರ್ಗಿಟ್ ಕೋಲೆತ್ತಿ, ನಮ್ಮನ್ನು ಕಾಯಿಸಿ ಹೊಡೆಯುತ್ತಾನೆ. ಅವಸರಪಟ್ಟು ಉರುಳಿದವನ ಹೊರೆ ಎಷ್ಟಿದ್ದರೇನು?

ಗದಗಿನ ಗಾಳಿ: ಕಲ್ಲಿನ ಮಾತಿಗೆ ಬರೋಣ. ವೀರಗಲ್ಲು ನೆಡುವುದು ಸತ್ತವನಿಗೆ. ಕವಚವಿಲ್ಲದೆ ಹೋದವನ ಗತಿಗೆ ನೀವೇ ಸಾಕ್ಷಿ ತಂದಿದ್ದೀರಿ.

ಉಣಕಲ್ ಕೆರೆ: ಬರೀ ಸತ್ತವನಲ್ಲ, ವೀರಸ್ವರ್ಗ ಸೇರಿದವನು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಕರೆದೊಯ್ಯುವುದು ನಿಮಗೆ ಕಾಣುವುದಿಲ್ಲವೇ?

ಗದಗಿನ ಗಾಳಿ: ಅಪ್ಸರೆಯರು ಬರುವುದು ಸತ್ತ ಮೇಲೆಯೇ ಸ್ವಾಮಿ.

ಸಾಧನಕೇರಿ ಮಳೆ: ವೀರಗಲ್ಲುಗಳಲ್ಲಿ ಗುರಾಣಿ ಹಿಡಿದವರು ಎಷ್ಟೋ ಜನ. ಹಳಗನ್ನಡದಲ್ಲಿ ಅದಕ್ಕೆ 'ಹರಿಗೆ' ಎಂಬ ಹೆಸರೇ ಇದೆ. ಅದು ರಕ್ಷಣೆಯಲ್ಲವೇ?

ಬ್ಯಾಡಗಿ ಕಾಯಿ: ಗುರಾಣಿ ಕವಚವಲ್ಲ. ಆಟದ ಇನ್ನೊಬ್ಬ ಶತ್ರು ಮಲೇನಿಯಾಳ ಮುಂದೆ ಹಿಡಿದು ನೋಡಿ, ನೀವು ತಡೆದ ಏಟಿನಿಂದಲೂ ಅವಳ ಜೀವ ತುಂಬಿಕೊಳ್ಳುತ್ತದೆ.

ಸಾಧನಕೇರಿ ಮಳೆ: ನಾನು ಕೇಳಿದ್ದು ಕಲ್ಲಿನ ವಿಷಯ, ಮಲೇನಿಯಾಳದ್ದಲ್ಲ.

ಉಣಕಲ್ ಕೆರೆ: "ಗುರಾಣಿ ಕವಚವಲ್ಲ." ಅಂದರೆ ಕಲ್ಲಿನ ಮೇಲೆ ಕವಚವಿಲ್ಲವೆಂದು ಒಪ್ಪಿದ ಹಾಗಾಯಿತು! ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರವಿಲ್ಲ ಎನ್ನುವುದು ಸುಳ್ಳಲ್ಲ.

ಬ್ಯಾಡಗಿ ಕಾಯಿ: ಹೆಸರಿಗೇ ಬಂದಿರಾ? ಕೆರೆಯ ತುಂಬ ಅಂತರಗಂಗೆ ಹಬ್ಬಿದರೂ ಅದರ ಹೊರೆ ಕಾಣದವರು ನನ್ನ ಹೊರೆ ಅಳೆಯಲು ಬಂದಿದ್ದೀರಿ. ಶೇ. 70ರ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ಏಲಕ್ಕಿ ಹಾರ: ಜಗಳ ಬಿಡಿ. ಆಟದಲ್ಲಿ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದರೆ ಸ್ಟ್ರೆಂತ್ (ಬಲದ ಅಂಕ) ಒಂದೂವರೆ ಪಟ್ಟು ಲೆಕ್ಕಕ್ಕೆ ಬರುತ್ತದೆ. ಗುರಾಣಿ ಬೆನ್ನಿಗೇರುತ್ತದೆ, ಹೊರೆಯೂ ತಗ್ಗುತ್ತದೆ.

ಸಾಧನಕೇರಿ ಮಳೆ: ತಗ್ಗುವುದಿಲ್ಲ. ಬೆನ್ನಿಗೇರಿದರೂ ಅದರ ತೂಕ ಹೊರೆಯಲ್ಲೇ ಇರುತ್ತದೆ. ಆಡಿದ್ದೀರೋ, ಆಡುವವರನ್ನು ನೋಡಿದ್ದೀರೋ?

ಏಲಕ್ಕಿ ಹಾರ: ಒಂದೂವರೆ ಪಟ್ಟನ್ನು ನೀವು ಅಲ್ಲಗಳೆಯಲಿಲ್ಲವಲ್ಲ, ಅಷ್ಟು ಸಾಕು.

ಬ್ಯಾಡಗಿ ಕಾಯಿ: ಶೇ. 70?

ಉಣಕಲ್ ಕೆರೆ: ಭಾನುವಾರ ಬೈಕಿನಲ್ಲಿ ಹಾನಗಲ್ಲಿಗೆ ಹೋಗುತ್ತೇನೆ. ತಾರಕೇಶ್ವರ ಗುಡಿಯ ವೀರಗಲ್ಲಿನ ಫೋಟೊ ತಂದು ಹಾಕುತ್ತೇನೆ. ಆಗ ಮಾತಾಡಿ.

ಗದಗಿನ ಗಾಳಿ: ಹೆಲ್ಮೆಟ್ ಬೇಡ, ಹೊರೆಯಾದೀತು.