ಅಪ್ಪನ ಫ್ಲಾಪಿ ಓದುತ್ತಿಲ್ಲ, ಫಾರ್ಮ್ಯಾಟ್ ಮಾಡು ಅನ್ನುತ್ತಿದೆ. ದಯವಿಟ್ಟು ನೋಡಿ

ಶಿರಸಿ_ಮಳೆ
ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಅಪ್ಪ ಟೈಪ್ ಮಾಡಿಟ್ಟ ಫೈಲುಗಳು ಫ್ಲಾಪಿಯಲ್ಲಿವೆ. ಯುಎಸ್‌ಬಿ ಡ್ರೈವ್ ತರಿಸಿದೆ. ಹಾಕಿದರೆ ಟಕ್ ಟಕ್ ಸದ್ದು, ಆಮೇಲೆ ವಿಂಡೋಸ್ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಎಲ್ಲಾ ಡಿಸ್ಕಿಗೂ ಇದೇ. ಯಾವ ಸಾಫ್ಟ್‌ವೇರ್ ಹಾಕಬೇಕು, ಅಷ್ಟು ಹೇಳಿ ಸಾಕು.

ಟ್ರ್ಯಾಕ್_ಸೊನ್ನೆ
ಫಾರ್ಮ್ಯಾಟ್ ಬೇಡ. ಮೊದಲು ಡಿಸ್ಕಿನ ಮೂಲೆಯ ಪುಟ್ಟ ಗುಂಡಿ ಸರಿಸಿ, ಕಿಂಡಿಯಲ್ಲಿ ಬೆಳಕು ಕಾಣಬೇಕು. ಆಗ ಅದರ ಮೇಲೆ ಏನೂ ಬರೆಯಲು ಆಗುವುದಿಲ್ಲ. ಎಷ್ಟು ಡಿಸ್ಕ್? 720 ಕೆಬಿಯಾ, 1.44 ಎಂಬಿಯಾ? ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ?

ಹಳೇ_486
ಇದು ಹೆಡ್ ಅಲೈನ್‌ಮೆಂಟ್. ಬರೆದ ಡ್ರೈವ್ ಬೇರೆ, ಓದುವ ಡ್ರೈವ್ ಬೇರೆ, ಹಾಗಾಗಿ ಓದುವ ತಲೆ (ಹೆಡ್) ಸರಿಯಾದ ಗೆರೆಯ ಮೇಲೆ ಕೂರುತ್ತಿಲ್ಲ. ಅಪ್ಪನ ಹಳೇ ಡ್ರೈವ್ ಹುಡುಕಿ.

ಶಿರಸಿ_ಮಳೆ
ಏಳು ಡಿಸ್ಕ್. ಎರಡೂ ಮೂಲೆಯಲ್ಲಿ ಕಿಂಡಿ ಇದೆ, ಹಾಗಾಗಿ 1.44 ಇರಬೇಕು. ಹಳೇ ಕಂಪ್ಯೂಟರ್ ಎಂದೋ ಗುಜರಿಗೆ ಹೋಯಿತು.

ಹಳೇ_486
ಹಾಗಾದರೆ ಅದೇ ಕಾಲದ ಇನ್ನೊಂದು ಡ್ರೈವ್ ತನ್ನಿ. ನನ್ನ ಹತ್ತಿರ ಹೀಗೇ ಆಗಿತ್ತು. ಹೆಡ್ ಸರಿಸುವ ಸ್ಟೆಪ್ಪರ್ ಮೋಟರಿನ ತಿರುಪು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದೆ, ಓದಿತು.

ಬೆಸುಗೆ_ಕಡ್ಡಿ
ಯುಎಸ್‌ಬಿ ಡ್ರೈವನ್ನು ನಂಬಬೇಡಿ. ನಾನು ಗ್ರೀಸ್‌ವೀಝಲ್ ಬೋರ್ಡಿಗೆ ಹಳೇ ಡ್ರೈವನ್ನು 34 ಪಿನ್ ಕೇಬಲ್‌ನಲ್ಲಿ ಜೋಡಿಸಿದ್ದೇನೆ. ಆ ಬೋರ್ಡ್ ಸೆಕ್ಟರ್ (ಡೇಟಾದ ತುಂಡು) ಕೇಳುವುದಿಲ್ಲ, ಕಾಂತದ ಏರಿಳಿತವನ್ನೇ ದಾಖಲಿಸುತ್ತದೆ. ಪಕ್ಕದಲ್ಲೇ 5.25 ಇಂಚಿನ 1.2 ಎಂಬಿ ಡ್ರೈವೂ ಇದೆ. ಕಳೆದ ವಾರ ಎರಡಕ್ಕೂ ಮರದ ಪೆಟ್ಟಿಗೆ ಮಾಡಿಸಿದೆ, ತೇಗದ್ದು. ಫೋಟೋ ಹಾಕಲಾ?

ಟ್ರ್ಯಾಕ್_ಸೊನ್ನೆ
ಫೋಟೋ ಆಮೇಲೆ. ಶಿರಸಿ_ಮಳೆ, ಎಲ್ಲಿಟ್ಟಿದ್ದಿರಿ ಅನ್ನುವುದಕ್ಕೆ ಉತ್ತರ ಬರಲಿಲ್ಲ. ಇನ್ನೊಂದು ಮಾತು. ಈ ಡ್ರೈವ್ ಯಾವುದಾದರೂ ಒಂದು ಡಿಸ್ಕನ್ನಾದರೂ ಓದಿದೆಯಾ?

ಶಿರಸಿ_ಮಳೆ
ಅಟ್ಟದ ಮೇಲೆ, ಬಿಸ್ಕತ್ತಿನ ಡಬ್ಬದಲ್ಲಿ. ಮೊದಲ ದಿನ ಪ್ರಿಂಟರಿನ ಡ್ರೈವರ್ ಡಿಸ್ಕ್ ಹಾಕಿದ್ದೆ, ಫೈಲೆಲ್ಲ ಕಂಡಿತು. ಆಮೇಲೆ ಅಪ್ಪನ ಏಳನ್ನೂ ಒಂದಾದ ಮೇಲೊಂದು ಹಾಕಿದೆ. ಈಗ ಡ್ರೈವರ್ ಡಿಸ್ಕೂ ಓದುತ್ತಿಲ್ಲ. ಡ್ರೈವೇ ಕೆಟ್ಟಿತಾ?

ಟ್ರ್ಯಾಕ್_ಸೊನ್ನೆ
ಇದನ್ನು ಮೊದಲೇ ಹೇಳಬೇಕಿತ್ತು! ಇನ್ನು ಒಂದು ಡಿಸ್ಕನ್ನೂ ಹಾಕಬೇಡಿ. ಲೋಹದ ಮುಚ್ಚಳ ಬೆರಳಲ್ಲಿ ಸರಿಸಿ. ಮಧ್ಯದ ಲೋಹದ ಬಿಲ್ಲೆ ಹಿಡಿದು ನಿಧಾನ ತಿರುಗಿಸುತ್ತಾ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿ. ಏನು ಕಾಣುತ್ತದೆ?

ಶಿರಸಿ_ಮಳೆ
ಕಪ್ಪು ಹಾಳೆಯ ಮೇಲೆ ಬೂದು ಚುಕ್ಕೆಗಳು. ಒಂದೆರಡು ಕಡೆ ಜರಿಗಿಡದ ಎಲೆಯ ಹಾಗೆ ಕವಲೊಡೆದಿವೆ. ಅಂಚಿನ ಕಡೆ ಜಾಸ್ತಿ. ಆರರಲ್ಲಿ ಇದೆ. ಏಳನೆಯದರಲ್ಲಿ ಚುಕ್ಕೆಯ ಜೊತೆ ಉಂಗುರದ ಹಾಗೆ ಒಂದು ಗೀರು, ಅಲ್ಲಿ ಬೆಳಕು ಆಚೆಯಿಂದ ಹಾಯುತ್ತದೆ.

ಟ್ರ್ಯಾಕ್_ಸೊನ್ನೆ
ಬೂಷ್ಟು. ಮಲೆನಾಡಿನ ಅಟ್ಟ ಅಂದರೆ ಇದು ಇದ್ದದ್ದೇ. ಹೆಡ್ ಡಿಸ್ಕನ್ನು ಮುಟ್ಟಿಕೊಂಡೇ ಓದುತ್ತದೆ. ಬೂಷ್ಟು ಹೆಡ್ಡಿಗೆ ಮೆತ್ತಿತು. ಆ ಹೆಡ್ಡೇ ಮುಂದಿನ ಡಿಸ್ಕನ್ನು ಕೆರೆಯಿತು. ಬೆಳಕು ಹಾಯುವ ಕಡೆ ಕಾಂತದ ಲೇಪವೇ ಹೋಗಿದೆ. ಅಲ್ಲಿದ್ದದ್ದು ಮತ್ತೆ ಬರುವುದಿಲ್ಲ.

ಅಂಚಿನ ಕಡೆ ಜಾಸ್ತಿ ಅಂದಿರಿ. ಫಾರ್ಮ್ಯಾಟ್ ಕೇಳುವುದಕ್ಕೆ ಅದೇ ಕಾರಣ. ಮೊದಲ ಟ್ರ್ಯಾಕ್, ಅಂದರೆ ಡೇಟಾದ ಮೊದಲ ವೃತ್ತ, ಇರುವುದು ಹೊರ ಅಂಚಿನಲ್ಲಿ. ಡಿಸ್ಕಿನ ವಿವರ ಇರುವ ಬೂಟ್ ಸೆಕ್ಟರ್ 1, ಯಾವ ಫೈಲ್ ಎಲ್ಲೆಲ್ಲಿದೆ ಅನ್ನುವ ಫ್ಯಾಟ್ ಪಟ್ಟಿ ಎರಡು ಪ್ರತಿ ಸೇರಿ 18, ಹೆಸರುಗಳ ಪಟ್ಟಿ 14. ಒಟ್ಟು 33 ಸೆಕ್ಟರ್. ಆ ಟ್ರ್ಯಾಕಿನ ಎರಡೂ ಮುಖ ಸೇರಿದರೆ 36. ಅಂದರೆ ವಿಳಾಸವೆಲ್ಲ ಅಲ್ಲೇ ಮುಗಿಯಿತು. ಅದು ಓದದಿದ್ದರೆ ಇಡೀ ಡಿಸ್ಕ್ ಖಾಲಿ ಅನ್ನಿಸುತ್ತದೆ. ಒಳಗಿನ ಫೈಲುಗಳು ಹಾಗೇ ಇರಬಹುದು.

ಹಳೇ_486
ಬೂಷ್ಟು ಇರಬಹುದು. ಆದರೂ ಅಲೈನ್‌ಮೆಂಟ್ ನೋಡಿಸಿ.

ಟ್ರ್ಯಾಕ್_ಸೊನ್ನೆ
ಮೊದಲ ದಿನ ಬೇರೆ ಡಿಸ್ಕ್ ಸರಿಯಾಗಿ ಓದಿದೆ ಅಲ್ವಾ. ಒಂದೇ ದಿನದಲ್ಲಿ ಅಲೈನ್‌ಮೆಂಟ್ ತಪ್ಪುವುದಿಲ್ಲ. ಇವರ ಕೈಗೆ ತಿರುಪುಳಿ ಕೊಡಬೇಡಿ, ದಯವಿಟ್ಟು.

ಬೆಸುಗೆ_ಕಡ್ಡಿ
ಒಂದು ಹನಿ ಪಾತ್ರೆ ತೊಳೆಯುವ ಸೋಪು, ಡಿಸ್ಟಿಲ್ಡ್ ನೀರು. ಹಾಳೆ ಹೊರಗೆ ತೆಗೆದು ತೊಳೆದು ನೆರಳಲ್ಲಿ ಒಣಗಿಸಿ.

ಟ್ರ್ಯಾಕ್_ಸೊನ್ನೆ
ಈ ಮಳೆಯಲ್ಲಿ ಒಣಗುವುದು ಯಾವಾಗ? 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಬೇರೆ ವಸ್ತುಗಳೂ ಇರುತ್ತವೆ.

ಬೆಸುಗೆ_ಕಡ್ಡಿ
ನಾನು ಸೋಪಿನಲ್ಲಿ ತೊಳೆದ ಡಿಸ್ಕುಗಳು ಇವತ್ತಿಗೂ ಓದುತ್ತವೆ. ಆಲ್ಕೋಹಾಲ್‌ಗೆ ಲೇಪ ಎದ್ದುಬಂದದ್ದನ್ನೂ ಕಣ್ಣಾರೆ ನೋಡಿದ್ದೇನೆ.

ಟ್ರ್ಯಾಕ್_ಸೊನ್ನೆ
ಸರಿ, ಹಾಗಾದರೆ ಮಧ್ಯದ ಬಿಲ್ಲೆಯ ಪಕ್ಕ ಒಂದು ಚೂರು ಒರೆಸಿ ನೋಡಲಿ. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ನಿಲ್ಲಿಸಲಿ. ಮೊದಲು ಡ್ರೈವಿನ ಹೆಡ್ ಒರೆಸಿ, ಡ್ರೈವರ್ ಡಿಸ್ಕ್ ಹಾಕಿ ನೋಡಿ. ಅದು ಓದಿದ ಮೇಲೆಯೇ ಅಪ್ಪನದು. ಪ್ರತಿ ಡಿಸ್ಕ್ ಆದಮೇಲೂ ಮತ್ತೆ ಹೆಡ್ ಒರೆಸಿ. ವಿಂಡೋಸ್ ಬೇಡ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಓದಲಾದಷ್ಟನ್ನು ನಕಲು ಮಾಡುವ ಸಾಫ್ಟ್‌ವೇರ್) ಓಡಿಸಿ, ಮ್ಯಾಪ್ ಫೈಲ್ ಉಳಿಸಿಕೊಳ್ಳಿ. ಯಾವ ಜಾಗ ಓದಿಲ್ಲ ಅಂತ ಅದರಲ್ಲಿರುತ್ತದೆ. ನಾಳೆ ಬೇರೆ ಡ್ರೈವ್ ಸಿಕ್ಕಿದರೆ ಬಿಟ್ಟ ಜಾಗವನ್ನಷ್ಟೇ ಓದಬಹುದು.

ಶಿರಸಿ_ಮಳೆ
ಹತ್ತು ದಿನ ಆಯಿತು, ಕ್ಷಮಿಸಿ. ಆಲ್ಕೋಹಾಲ್ ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಹೆಡ್ ಒರೆಸಿದಾಗ ಹತ್ತಿ ಕಾಡಿಗೆಯಂತಾಯಿತು. ಡ್ರೈವರ್ ಡಿಸ್ಕ್ ತಕ್ಷಣ ಓದಿತು! ಅಪ್ಪನದರಲ್ಲಿ ನಾಲ್ಕು ಪೂರ್ತಿ ಬಂದವು, ಒಂದೊಂದೂ 14,74,560 ಬೈಟ್. ಐದು, ಆರರಲ್ಲಿ ಅಲ್ಲಲ್ಲಿ ತೂತು. ಏಳನೆಯದನ್ನು ಮುಟ್ಟಿಲ್ಲ.

ಆದರೆ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಹಾಳಾಗಿವೆಯಾ? ಇದರಲ್ಲಿರುವುದು ಅಜ್ಜಿಯ ಮದುವೆ ಹಾಡುಗಳು. ಅಜ್ಜಿ ಹೇಳುತ್ತಿದ್ದರು, ಅಪ್ಪ ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದರು. ಈಗ ಇಬ್ಬರೂ ಇಲ್ಲ. ಬೇರೆ ಪ್ರತಿಯೂ ಇಲ್ಲ.

ಟ್ರ್ಯಾಕ್_ಸೊನ್ನೆ
ಹಾಳಾಗಿಲ್ಲ. ಕನ್ನಡ ಅಕ್ಷರಗಳಿಗೂ ಸ್ವಂತ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. ವರ್ಡ್ ಫೈಲ್ ಆಗಿದ್ದರೆ ಮೇಲಿನ ಪಟ್ಟಿಯಲ್ಲಿ ಫಾಂಟ್ ಹೆಸರು ನೋಡಿ.

ಶಿರಸಿ_ಮಳೆ
ಬಿಆರ್‌ಎಚ್ ಕನ್ನಡ ಅಂತಿದೆ.

ಟ್ರ್ಯಾಕ್_ಸೊನ್ನೆ
ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನದು. ನುಡಿ, ಬರಹ ಎರಡನ್ನೂ ಯೂನಿಕೋಡ್ ಮಾಡುವ ಪರಿವರ್ತಕಗಳಿವೆ, ಅದಕ್ಕೆ ಹಾಕಿ. ಶ್ರೀಲಿಪಿಯ ಪರಿವರ್ತಕ ಬೇಡ, ಅದರ ಜೋಡಣೆಯೇ ಬೇರೆ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ, ಅಲ್ಲಿ ತಪ್ಪುವುದು ಜಾಸ್ತಿ.

ಹಳೇ_486
ಏಳನೆಯದನ್ನು ಆ ಡ್ರೈವಿಗೆ ಹಾಕಬೇಡಿ. ಗೀರು ಇನ್ನೂ ಅಗಲವಾಗುತ್ತದೆ.

ಬೆಸುಗೆ_ಕಡ್ಡಿ
ಹೌದು. ದೀಪಾವಳಿಗೆ ಸಾಗರಕ್ಕೆ ಬರುತ್ತೇನೆ, ಬೋರ್ಡ್, ಡ್ರೈವ್ ಎರಡನ್ನೂ ತರುತ್ತೇನೆ. ಐದು, ಆರರ ಮ್ಯಾಪ್ ಫೈಲ್ ಅಳಿಸಬೇಡಿ.

ಶಿರಸಿ_ಮಳೆ
ಇಟ್ಟುಕೊಂಡಿದ್ದೇನೆ. ಒಂದು ಫೈಲ್ ಈಗಷ್ಟೇ ಕನ್ನಡವಾಯಿತು. ಹಾಡಿನ ಮಧ್ಯೆ ಕಂಸದಲ್ಲಿ ಅಪ್ಪ ಬರೆದಿದ್ದಾರೆ: ‘ಇಲ್ಲಿ ಅಮ್ಮನಿಗೆ ಮರೆತಿದೆ, ನಾಳೆ ಕೇಳಬೇಕು.’ ಮುಂದಿನ ಸಾಲು ಆರನೇ ಡಿಸ್ಕಿನಲ್ಲಿದೆಯಾ ಹುಡುಕುತ್ತಿದ್ದೇನೆ.